ಸೂರಿನ ದಂಬೆ: ಅದರ ವಸ್ತು, ವೆಚ್ಚ, ದುರಸ್ತಿ

ಓದತಕ್ಕ ವೇದಭಾಗಗಳು: ಯಾಜಕಕಾಂಡ 14:33–48, 2 ಅರಸುಗಳು 12:4–15, ಲೂಕ 14:28–30.



ಮಳೆಗಾಲಕ್ಕೆ ಮುಂಚಿನ ಈ ಪಾಠವು ಮನೆಯ ಮಾಡಿನ ಅಂಚಿಗೆ ಕಟ್ಟುವ ದಂಬೆಯನ್ನು ಕುರಿತದ್ದಾಗಿದೆ. ಇಷ್ಟು ಅಲ್ಪವಾದ ಸಂಗತಿಯನ್ನು ಸಭೆಯ ಪತ್ರಿಕೆಯಲ್ಲಿ ಬರೆಯುವದು ತಕ್ಕದ್ದೋ ಎಂದು ಕೆಲವರು ಕೇಳಬಹುದು. ಆದರೆ ಮೋಶೆಯ ಧರ್ಮಶಾಸ್ತ್ರವು ಮನೆಯ ಗೋಡೆಯ ಮೇಲೆ ತೋರುವ ಹಸುರು ಕೆಂಪು ಕಲೆಗಳಿಗೋಸ್ಕರ ಒಂದು ಅಧ್ಯಾಯದ ದೊಡ್ಡ ಪಾಲನ್ನು ಮೀಸಲಾಗಿಟ್ಟಿರುವಾಗ, ಆ ಕಲೆಗಳನ್ನು ನಮ್ಮ ಗೋಡೆಗಳ ಮೇಲೆ ಹುಟ್ಟಿಸುವ ನೀರಿನ ದಾರಿಯನ್ನು ಕುರಿತು ನಾವು ಒಂದು ಗಳಿಗೆ ಯೋಚಿಸುವದು ಅಯೋಗ್ಯವಲ್ಲ.

ಮಾಡಿನಿಂದ ಇಳಿದು ಬರುವ ನೀರನ್ನು ಸೂರಿನಲ್ಲಿ ಹಿಡಿದು ಒಂದು ಮೂಲೆಗೆ ಒಯ್ದು, ಕೊಳವೆಯ ಮೂಲಕ ನೆಲಕ್ಕೆ ಇಳಿಸುವ ತೊಟ್ಟಿಯಾಕಾರದ ಸಾಧನವನ್ನು ಕೆಲವರು ದೋಣಿ ಎಂದೂ, ಕೆಲವರು ಹರಿನಾಳಿಗೆ ಎಂದೂ, ಪೇಟೆಯವರು ಗಟರ್ ಎಂದೂ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಹಿಂದಿನವರು ಅಡಕೆಯ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ತೆಗೆದು, ಸೂರಿಗೆ ಕಟ್ಟಿದ್ದರಿಂದ ದಂಬೆ ಎಂಬ ಹೆಸರು ರೂಢಿಯಲ್ಲಿದೆ. ಈ ಪಾಠದಲ್ಲಿ ನಾವು ಆ ಹೆಸರನ್ನೇ ಉಪಯೋಗಿಸುವೆವು.

1. ನೀರಿನ ಲೆಕ್ಕ

ಮುಳಿಹುಲ್ಲಿನ ಮಾಡು ಮಳೆಯನ್ನು ಸ್ವಲ್ಪ ಹೊತ್ತು ತನ್ನಲ್ಲಿಯೇ ಹಿಡಿದು ಮೆಲ್ಲಗೆ ಬಿಡುವದು. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಹಂಚಿನ ಮಾಡು ಈ ಸೀಮೆಯಲ್ಲೆಲ್ಲಾ ಹಬ್ಬಿತು. ಬೆಂಕಿಯ ಭಯ ಕಡಿಮೆಯಾಯಿತು, ವರುಷ ವರುಷ ಹುಲ್ಲು ಹೊದಿಸುವ ಕಷ್ಟವೂ ತಪ್ಪಿತು. ಆದರೆ ಹಂಚು ನೀರನ್ನು ತಡೆದು ಇಟ್ಟುಕೊಳ್ಳುವದಿಲ್ಲ. ಬಿದ್ದದ್ದನ್ನೆಲ್ಲಾ ಆ ಕ್ಷಣದಲ್ಲಿಯೇ ಸೂರಿಗೆ ತಂದು ಸುರಿಸುವದು.

ಈ ನೀರೆಷ್ಟೆಂಬದನ್ನು ತಿಳಿಯುವದು ಸುಲಭ. ಒಂದು ಚದರ ಮೀಟರ್ ಸ್ಥಳದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಆಗುವದು. ಒಂದು ಮನೆಯ ಮಾಡಿನ ಒಂದು ಪಕ್ಕವು 8 ಮೀಟರ್ ಉದ್ದವಾಗಿಯೂ, ನೆಲದ ಮೇಲೆ ಅಳೆದರೆ 3.5 ಮೀಟರ್ ಅಗಲವಾಗಿಯೂ ಇದೆ ಎಂದು ಎಣಿಸಿರಿ. ಅದು 28 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ, ಈ ಒಂದೇ ಪಕ್ಕದಿಂದ 1,400 ಲೀಟರ್, ಅಂದರೆ 200 ಲೀಟರಿನ ಏಳು ಪೀಪಾಯಿಗಳಷ್ಟು ನೀರು ಇಳಿಯುವದು. ಕರಾವಳಿಯಲ್ಲಿ ವರುಷಕ್ಕೆ 3,500 ಮಿ.ಮೀ. ಮಳೆ ಬೀಳುವದು ಆಶ್ಚರ್ಯವಲ್ಲ. ಆ ಲೆಕ್ಕದಲ್ಲಿ ಒಂದು ಪಕ್ಕದ ಮಾಡು ಒಂದು ವರುಷದಲ್ಲಿ 98,000 ಲೀಟರ್ ನೀರನ್ನು ಸೂರಿನ ಕೆಳಗೆ ಸುರಿಸುವದು.

ದಂಬೆಯಿಲ್ಲದಿದ್ದರೆ ಅಥವಾ ಅದು ತೂತಾಗಿದ್ದರೆ ಈ ನೀರು ಗೋಡೆಯ ಬುಡದಲ್ಲಿ ಬಿದ್ದು, ಮಣ್ಣನ್ನು ಕೊರೆದು, ಗೋಡೆಗೆ ಎರಚಿ, ಪಂಚಾಂಗದೊಳಗೆ ಇಳಿಯುವದು. ಮುರಕಲ್ಲಿನ ಗೋಡೆಯು ಬಹುಕಾಲ ತಾಳೀತು. ಮಣ್ಣಿನ ಗೋಡೆಯಾದರೋ ಒಣಗಿದ್ದಾಗ ಕಲ್ಲಿನಂತಿದ್ದರೂ ನೆನೆದಾಗ ತನ್ನ ಬಲವನ್ನು ಕಳಕೊಂಡು ತನ್ನ ಭಾರವನ್ನೇ ಹೊರಲಾರದೆ ಕುಸಿಯುವದು. ವಿಶೇಷವಾಗಿ ನೋಡತಕ್ಕದ್ದೇನಂದರೆ, ತೂತುಬಿದ್ದ ದಂಬೆಯು ದಂಬೆಯಿಲ್ಲದಿರುವದಕ್ಕಿಂತ ಕೆಟ್ಟದ್ದು. ಯಾಕಂದರೆ ದಂಬೆಯಿಲ್ಲದ ಸೂರು ನೀರನ್ನು ಉದ್ದಕ್ಕೂ ಹಂಚಿ ಬೀಳಿಸುವದು, ತೂತಾದ ದಂಬೆಯು ಮಾಡಿನ ನೀರನ್ನೆಲ್ಲಾ ಕೂಡಿಸಿ ಒಂದೇ ಸ್ಥಳದಲ್ಲಿ ಸುರಿಸುವದು.

2. ನಮ್ಮ ತಪ್ಪು

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ನಾವು ಸೇವೆಮಾಡುತ್ತಿದ್ದ ಒಂದು ಸಣ್ಣ ಸಭೆಯಲ್ಲಿ ಪ್ರಾರ್ಥನಾಲಯದ ಪಡುವಣ ಪಕ್ಕದ ದಂಬೆಯ ಒಂದು ಕೀಲು ಬಿಟ್ಟುಹೋಗಿತ್ತು. ಅದರ ಕೆಳಗೆ, ಎರಡು ಮೊಳ ದೂರದಲ್ಲಿ, ಸಭೆಯ ಒಬ್ಬ ವಿಧವೆಯ ಅಡಿಗೆಮನೆಯ ಮಣ್ಣಿನ ಗೋಡೆ ಇತ್ತು. ಒಂದು ಮಳೆಗಾಲ ಕಳೆಯಿತು, ಎರಡನೆಯದೂ ಕಳೆಯಿತು. ಪ್ರತಿ ಆದಿತ್ಯವಾರ ಆರಾಧನೆ ಮುಗಿಸಿ ಹೊರಗೆ ಬರುವಾಗ ಆ ಗೋಡೆಯ ಮೇಲಿನ ಹಸುರು ಕಲೆಯನ್ನು ನಾವು ನೋಡುತ್ತಿದ್ದೆವು. 2021ರ ಮೇ ತಿಂಗಳಲ್ಲಿ ಆ ತಾಯಿ ನಮ್ಮ ಬಳಿಗೆ ಬಂದು, ಗೋಡೆ ಮೆತ್ತಗಾಗಿದೆ, ಬೆರಳು ಒತ್ತಿದರೆ ಒಳಗೆ ಹೋಗುತ್ತದೆ ಎಂದು ಹೇಳಿದಳು. ಸಭೆಯ ಪೆಟ್ಟಿಗೆಯಲ್ಲಿ ಆಗ ಹಣವಿತ್ತು. ಆದರೆ ಅದನ್ನು ಮುಂಭಾಗದ ಗೋಡೆಗೆ ಸುಣ್ಣಬಣ್ಣ ಹೊಡಿಸುವದಕ್ಕೆಂದು ಇಟ್ಟಿದ್ದೆವು. ಸುಗ್ಗಿಯ ಕಾಣಿಕೆಯ ಹಬ್ಬವಾದ ಮೇಲೆ ನೋಡೋಣ ಎಂದು ಉತ್ತರ ಕೊಟ್ಟೆವು.

ಜುಲೈ ತಿಂಗಳಿನ ಒಂದು ರಾತ್ರಿ ಆ ಗೋಡೆ ಬಿತ್ತು. ಆಕೆಯೂ ಮೊಮ್ಮಗನೂ ಒಳಕೋಣೆಯಲ್ಲಿ ಮಲಗಿದ್ದದರಿಂದ ದೇವರ ಕೃಪೆಯಿಂದ ಜೀವಹಾನಿಯಾಗಲಿಲ್ಲ. ಆ ಮಗುವು ಬೆಳಿಗ್ಗೆ ಆ ಗೋಡೆಯ ಪಕ್ಕದಲ್ಲಿಯೇ ಒಲೆಯ ಬಿಸಿಗೆ ಕೂತು ಗಂಜಿ ಉಣ್ಣುವ ವಾಡಿಕೆಯುಳ್ಳವನು. ಗೋಡೆಯು ಆರು ತಾಸು ತಡೆದು ಬಿದ್ದಿದ್ದರೆ ಈ ಪಾಠವನ್ನು ಬರೆಯುವ ಧೈರ್ಯ ನಮಗೆ ಇರುತ್ತಿರಲಿಲ್ಲ.

ಯಾಜಕಕಾಂಡದ ಆ ಅಧ್ಯಾಯದಲ್ಲಿ ಮನೆಯ ಯಜಮಾನನು ತಾನೇ ಯಾಜಕನ ಬಳಿಗೆ ಬಂದು ತನ್ನ ಮನೆಯಲ್ಲಿ ಕಲೆಯಂಥದು ಕಾಣುತ್ತದೆಂದು ತಿಳಿಸುವನು. ಯಾಜಕನು ಕೂಡಲೆ ಮನೆಯನ್ನು ಬರಿದುಮಾಡಿಸಿ, ಹೋಗಿ ನೋಡುವನು. ಆ ತಾಯಿ ತನ್ನ ಕರ್ತವ್ಯವನ್ನು ಮಾಡಿದಳು. ನಾವು ಹೋಗಿ ನೋಡಲಿಲ್ಲ. ಆದಕಾರಣ ಮುಂದೆ ಬರೆದವುಗಳನ್ನು ಬಲ್ಲವರ ಬೋಧನೆಯೆಂದು ಎಣಿಸದೆ, ತಪ್ಪಿನಿಂದ ಕಲಿತವರ ಪಾಠವೆಂದು ಓದಿರಿ.

3. ವಸ್ತುಗಳು

ಅಡಕೆ ಮರ ಮತ್ತು ಬಿದಿರು. ತೋಟವಿದ್ದವರಿಗೆ ಇದಕ್ಕೆ ಹಣ ಬೇಡ, ಕೈಕೆಲಸ ಸಾಕು. ಆದರೆ ನೀರೂ ಬಿಸಿಲೂ ಗೆದ್ದಲೂ ಸೇರಿ ಇದನ್ನು ಬೇಗನೆ ಕೆಡಿಸುವದರಿಂದ, ಒಂದೆರಡು ಮಳೆಗಾಲಕ್ಕೊಮ್ಮೆ ಬದಲಾಯಿಸಬೇಕಾಗುವದು. ಕೊಟ್ಟಿಗೆಗೂ ಹೊಸ ದಂಬೆಗೆ ಹಣ ಕೂಡಿಸುವ ವರೆಗೆ ಮನೆಗೂ ಇದು ಸಾಕು. ಇದನ್ನು ಹೀನವೆಂದು ಎಣಿಸಬಾರದು.

ಸತುವಿನ ಲೇಪವುಳ್ಳ ಕಬ್ಬಿಣದ ತಗಡು. ಪೇಟೆಯಲ್ಲಿ ಇದನ್ನು ಜಿ.ಐ. ತಗಡು ಎನ್ನುತ್ತಾರೆ. ಕರಗಿದ ಸತುವಿನಲ್ಲಿ ಅದ್ದಿದ ಉಕ್ಕು ಇದು. ಸತುವು ಉಕ್ಕನ್ನು ಮುಚ್ಚುವದಲ್ಲದೆ, ಸಣ್ಣ ಗೀರು ಬಿದ್ದ ಸ್ಥಳದಲ್ಲಿಯೂ ತಾನು ಮೊದಲು ಸವೆದು ಉಕ್ಕನ್ನು ಕಾಪಾಡುವದು. ಸತುವು ಮುಗಿದ ಮೇಲೆ ತುಕ್ಕು ಆರಂಭವಾಗುವದು. ಸಮುದ್ರದ ಉಪ್ಪುಗಾಳಿ ಬೀಸುವ ಊರುಗಳಲ್ಲಿ ಇದು ಬೇಗನೆ ಆಗುವದು. ಸತುವನ್ನೂ ಅಲ್ಯೂಮಿನಿಯಮನ್ನೂ ಬೆರಸಿ ಲೇಪಿಸಿದ ತಗಡೂ ಈಗ ಸಿಕ್ಕುತ್ತದೆ. ಅದರ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಹೊಸ ಸತುವಿನ ಮೇಲೆ ಸಾಮಾನ್ಯ ಬಣ್ಣವು ನಿಲ್ಲದೆ ಸುಲಿದುಹೋಗುವದರಿಂದ, ಅದಕ್ಕೆ ತಕ್ಕ ಪ್ರೈಮರನ್ನು ಮೊದಲು ಹಚ್ಚಬೇಕು.

ತಗಡಿನ ದಪ್ಪವನ್ನು ಗೇಜ್ ಎಂಬ ಅಂಕೆಯಿಂದ ಹೇಳುವಾಗ, ಅಂಕೆ ಹೆಚ್ಚಿದಷ್ಟು ತಗಡು ತೆಳ್ಳಗೆಂದು ನೆನಪಿಡಿರಿ. ಈ ಗೊಂದಲವನ್ನು ತಪ್ಪಿಸುವದಕ್ಕೆ ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ ಬರೆಯಿಸಿಕೊಳ್ಳಿರಿ. ಪರೀಕ್ಷಿಸುವ ಉಪಾಯವೂ ಇದೆ. 40 ಸೆ.ಮೀ. ಅಗಲವಾದ ತಗಡಿನ ಒಂದು ಮೀಟರ್ ತುಂಡು 0.6 ಮಿ.ಮೀ. ದಪ್ಪವಾಗಿದ್ದರೆ ಸುಮಾರು 1.9 ಕಿಲೋ, 0.5 ಮಿ.ಮೀ. ಆಗಿದ್ದರೆ ಸುಮಾರು 1.6 ಕಿಲೋ ತೂಗುವದು. ಕಣ್ಣಿಗೆ ತಿಳಿಯದ ಭೇದವು ತಕ್ಕಡಿಗೆ ತಿಳಿಯುವದು.

ಅಲ್ಯೂಮಿನಿಯಮ್. ಇದಕ್ಕೆ ಕೆಂಪು ತುಕ್ಕು ಹಿಡಿಯುವದಿಲ್ಲ. ಗಾಳಿ ತಾಗಿದಾಗ ತನ್ನ ಮೇಲೆ ತಾನೇ ತೆಳುವಾದ ಪೊರೆಯನ್ನು ಕಟ್ಟಿಕೊಳ್ಳುವದು. ಸಮಗಾತ್ರದ ಉಕ್ಕಿನ ತೂಕದಲ್ಲಿ ಇದು ಸುಮಾರು ಮೂರರಲ್ಲೊಂದು ಪಾಲು. ಆದರೆ ಮೃದುವಾದದ್ದರಿಂದ ತೆಂಗಿನ ಮಡಲು ಬಿದ್ದರೆ ನೆಗ್ಗುವದು. ಹಸಿ ಸಿಮೆಂಟೂ ಸುಣ್ಣವೂ ಇದನ್ನು ಕೊರೆಯುವವು. ಆದದರಿಂದ ಗೋಡೆಗೆ ಗಾರೆ ಹಚ್ಚುವ ಕೆಲಸವಿದ್ದರೆ ಅದನ್ನು ಮುಗಿಸಿ ಒಣಗಿದ ಮೇಲೆ ದಂಬೆಯನ್ನು ಏರಿಸಿರಿ.

ಪಿ.ವಿ.ಸಿ. ಹಗುರ, ತುಕ್ಕಿಲ್ಲ, ಕೂಡಿಸುವದು ಸುಲಭ. ಆದರೆ ಬಿಸಿಲಿಗೆ ತಾಳುವಂತೆ ಸಿದ್ಧಮಾಡಿದ ಜಾತಿಯೇ ಆಗಿರಬೇಕು. ಇಲ್ಲವಾದರೆ ಕೆಲವು ಬೇಸಗೆಗಳಲ್ಲಿ ಪೆಡಸಾಗಿ ಒಡೆಯುವದು. ಇದು ಬಿಸಿಗೆ ಹೆಚ್ಚಾಗಿ ಹಿಗ್ಗುವದು: 3 ಮೀಟರಿನ ತುಂಡು 30 ಡಿಗ್ರಿ ಉಷ್ಣವೇರಿದಾಗ ಸುಮಾರು 6 ಮಿ.ಮೀ. ಉದ್ದವಾಗುವದು, ಉಕ್ಕಿನದಾದರೆ ಸುಮಾರು 1 ಮಿ.ಮೀ. ಮಾತ್ರ. ಆದಕಾರಣ ಕೀಲುಗಳಲ್ಲಿ ಹಿಗ್ಗುವದಕ್ಕೆ ಸ್ಥಳ ಬಿಡದೆ ಬಿಗಿದರೆ, ಮೊದಲಿನ ಬೇಸಗೆಯಲ್ಲಿಯೇ ಕೀಲು ಬಿಡುವದು.

ತಾಮ್ರ. ಬಹುಕಾಲ ಬಾಳುವದಾದರೂ ಬೆಲೆಯು ಬಡವರ ಕೈಗೆ ಮೀರಿದ್ದು. ಹಳೇ ಬಂಗಲೆಗಳಲ್ಲಿ ಇದ್ದರೆ ಒಂದು ಎಚ್ಚರಿಕೆ ಬೇಕು: ತಾಮ್ರದ ಮೇಲೆ ಹರಿದ ನೀರು ಸತುವಿನ ತಗಡಿನ ಮೇಲೆ ಬೀಳಬಾರದು, ಬಿದ್ದರೆ ಸತುವನ್ನು ತಿನ್ನುವದು.

ಕಲ್ನಾರಿನ ಸಿಮೆಂಟು. ಹಳೆಯ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ಎಂಬ ಈ ವಸ್ತುವಿನ ದಂಬೆಗಳು ಇರುವದುಂಟು. ಇದರ ಧೂಳು ಶ್ವಾಸಕೋಶಗಳಿಗೆ ಸೇರಿದರೆ ಬಹು ವರುಷಗಳ ಮೇಲೆ ಪ್ರಾಣಾಂತಕ ರೋಗಗಳನ್ನು ಹುಟ್ಟಿಸುವದು. ಇದನ್ನು ಗರಗಸದಿಂದ ಕೊಯ್ಯಬೇಡಿರಿ, ತೂತು ಕೊರೆಯಬೇಡಿರಿ, ಒಡೆದ ಚೂರುಗಳನ್ನು ಒಣಗಿದ್ದಂತೆಯೇ ಗುಡಿಸಬೇಡಿರಿ. ತೆಗೆಯಬೇಕಾದರೆ ನೀರು ಚಿಮುಕಿಸಿ, ಒಡೆಯದಂತೆ, ತಿಳಿದವರ ಕೈಯಿಂದ ತೆಗೆಸಿರಿ.

4. ಪರೀಕ್ಷೆಯ ಕ್ರಮ

ಧರ್ಮಶಾಸ್ತ್ರದ ಕ್ರಮವನ್ನು ತಿರಿಗಿ ನೋಡಿರಿ. ಯಾಜಕನು ಕಲೆ ಕಂಡ ಮಾತ್ರಕ್ಕೆ ಮನೆಯನ್ನು ಕೆಡವಿಸುವದಿಲ್ಲ. ಏಳು ದಿನ ಮುಚ್ಚಿ ತಿರಿಗಿ ನೋಡುವನು. ಹರಡಿದ್ದರೆ ಕೆಟ್ಟ ಕಲ್ಲುಗಳನ್ನು ಮಾತ್ರ ತೆಗಿಸಿ, ಗೋಡೆಯನ್ನು ಕೆರೆಯಿಸಿ, ಬೇರೆ ಕಲ್ಲುಗಳನ್ನು ಇಡಿಸಿ ಹೊಸ ಗಾರೆ ಹಚ್ಚಿಸುವನು. ಆ ಮೇಲೆಯೂ ತಿರಿಗಿ ಬಂದರೆ ಮಾತ್ರ ಕೆಡವತಕ್ಕದ್ದು. ಮೊದಲು ನೋಡುವದು, ಬಳಿಕ ದುರಸ್ತಿ, ಕಡೆಗೆ ಹೊಸದು: ಈ ಮೂರು ಮೆಟ್ಟಿಲುಗಳು ದಂಬೆಗೂ ಸಲ್ಲುತ್ತವೆ.

ನೋಡುವ ಕಾಲವು ಎರಡು. ಒಂದು, ಮಳೆ ಸುರಿಯುವಾಗ ಕೊಡೆ ಹಿಡಿದು ಅಂಗಳದಲ್ಲಿ ನಿಂತು, ನೀರು ಎಲ್ಲಿ ಹನಿಯುತ್ತದೆ, ಎಲ್ಲಿ ತುಂಬಿ ಹೊರಚೆಲ್ಲುತ್ತದೆ, ಎಲ್ಲಿ ದಂಬೆಗೂ ಹಲಗೆಗೂ ನಡುವೆ ಹಿಂದಕ್ಕೆ ಇಳಿಯುತ್ತದೆ ಎಂದು ಗುರುತಿಸುವದು. ಇನ್ನೊಂದು, ಎಪ್ರಿಲ್ ತಿಂಗಳಲ್ಲಿ, ಎಲ್ಲಾ ಒಣಗಿರುವಾಗ ಏಣಿಯ ಮೇಲಿಂದ ಪರೀಕ್ಷಿಸುವದು. ಆಗ ಈ ಐದು ಸಂಗತಿಗಳನ್ನು ನೋಡಿರಿ.

ಒಂದನೆಯದು, ಕಸ. ಎಲೆಯೂ ಪಾಚಿಯೂ ಹಂಚಿನ ಚೂರೂ ತುಂಬಿದ್ದರೆ ಮೊದಲು ಅದನ್ನು ತೆಗೆಯಿರಿ. ಕೆಟ್ಟಿತೆಂದು ತೋರುವ ದಂಬೆ ಕೆಲವು ಸಾರಿ ಕಟ್ಟಿಕೊಂಡದ್ದು ಮಾತ್ರವಾಗಿರುವದು.

ಎರಡನೆಯದು, ಇಳಿಜಾರು. ಮೀಟರಿಗೆ ಸುಮಾರು 5 ಮಿ.ಮೀ. ಇಳಿಜಾರು ಸಾಕು, 8 ಮೀಟರಿಗೆ 40 ಮಿ.ಮೀ. ಪಾರದರ್ಶಕವಾದ ನಳಿಗೆಯಲ್ಲಿ ನೀರು ತುಂಬಿ ಎರಡು ತುದಿಗಳ ಮಟ್ಟವನ್ನು ಹೋಲಿಸಿರಿ.

ಮೂರನೆಯದು, ಕೊಕ್ಕೆಗಳು. 15 ಸೆ.ಮೀ. ಬಾಯಿಯ ಅರ್ಧವೃತ್ತದ ದಂಬೆ ತುಂಬಿ ನಿಂತಾಗ ಮೀಟರಿಗೆ ಸುಮಾರು 8.8 ಲೀಟರ್ ನೀರು ಹಿಡಿಯುವದು. 8 ಮೀಟರಿಗೆ 70 ಕಿಲೋ ಆಯಿತು. ಒಬ್ಬ ದೊಡ್ಡ ಮನುಷ್ಯನು ಅದರಲ್ಲಿ ಮಲಗಿದ ಹಾಗೆ. ಆದದರಿಂದ 60ರಿಂದ 75 ಸೆ.ಮೀ.ಗೆ ಒಂದು ಕೊಕ್ಕೆ ಬೇಕು, ಅದು ಹೊಡೆದ ಹಲಗೆ ಅಥವಾ ಪಕ್ಕಾಸಿನ ತುದಿಯು ಗಟ್ಟಿಯಾಗಿರಬೇಕು. ಹುಳುಕು ಮರಕ್ಕೆ ಹೊಸ ದಂಬೆ ಕಟ್ಟುವದು ವ್ಯರ್ಥ.

ನಾಲ್ಕನೆಯದು, ತಗಡು. ತುಕ್ಕಿನ ಸ್ಥಳವನ್ನು ತಿರುಪುಳಿಯ ತುದಿಯಿಂದ ಒತ್ತಿರಿ. ಗಟ್ಟಿಯಾಗಿ ನಿಂತರೆ ಉಜ್ಜಿ ಬಣ್ಣ ಹಚ್ಚಿದರೆ ಸಾಕು. ತೂತಾದರೆ ಆ ತುಂಡನ್ನು ಬದಲಿಸಬೇಕು. ಉದ್ದಕ್ಕೂ ಅಲ್ಲಲ್ಲಿ ತೂತಾದರೆ ಪೂರಾ ಹೊಸದೇ ಬೇಕು.

ಐದನೆಯದು, ಇಳಿಕೊಳವೆ ಮತ್ತು ಅದರ ಬಾಯಿ. 75 ಮಿ.ಮೀ. ಕೊಳವೆಯು ಗಂಟೆಗೆ 50 ಮಿ.ಮೀ. ಮಳೆಯಲ್ಲಿ ಸುಮಾರು 40 ಚದರ ಮೀಟರ್ ಮಾಡಿನ ನೀರನ್ನು ಒಯ್ಯುವದು. ಮಳೆ ಇಮ್ಮಡಿಯಾದರೆ ಅರ್ಧ ಮಾಡಿಗೆ ಮಾತ್ರ ಸಾಕಾಗುವದು. ಆದಕಾರಣ ನಮ್ಮ ಸೀಮೆಯಲ್ಲಿ ಮೇಲೆ ಹೇಳಿದ 28 ಚದರ ಮೀಟರಿಗೂ 100 ಮಿ.ಮೀ. ಕೊಳವೆಯನ್ನು ಇಡುವದು ಬುದ್ಧಿ. ಕೊಳವೆಯಿಂದ ಬಿದ್ದ ನೀರು ಎಲ್ಲಿಗೆ ಹೋಗುತ್ತದೆಂಬದನ್ನೂ ನೋಡಿರಿ. ನಮ್ಮ ಮಾಡಿನ ನೀರು ನೆರೆಯವನ ಗೋಡೆಗೆ ಹೋಗಬಾರದು.

ಹೊಸದಾಗಿ ಕಟ್ಟುವಾಗ ಹಂಚಿನ ತುದಿಯು ದಂಬೆಯೊಳಗೆ ಸುಮಾರು 5 ಸೆ.ಮೀ. ಚಾಚಿರಲಿ, ಹೊರಗಿನ ಅಂಚು ಒಳಗಿನ ಅಂಚಿಗಿಂತ ಸ್ವಲ್ಪ ತಗ್ಗಾಗಿರಲಿ. ಹಾಗಿದ್ದರೆ ತುಂಬಿದ ನೀರು ಅಂಗಳಕ್ಕೆ ಚೆಲ್ಲುವದೇ ಹೊರತು ಗೋಡೆಗೆ ಇಳಿಯುವದಿಲ್ಲ.

5. ವೆಚ್ಚವನ್ನು ಎಣಿಸುವದು

ಬುರುಜು ಕಟ್ಟಬೇಕೆಂದಿರುವವನು ಮೊದಲು ಕೂತು ಲೆಕ್ಕಮಾಡುವನೆಂದು ನಮ್ಮ ಕರ್ತನು ಹೇಳಿದ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಆತನು ಶಿಷ್ಯತ್ವದ ವೆಚ್ಚವನ್ನು ಕುರಿತು ಹಾಗೆ ಹೇಳಿದನು. ಆದರೆ ಸಣ್ಣ ಲೆಕ್ಕದಲ್ಲಿ ಮೈಗಳ್ಳನಾದವನು ದೊಡ್ಡ ಲೆಕ್ಕದಲ್ಲಿ ಜಾಗ್ರತೆಯುಳ್ಳವನಾಗುವದು ಅಪರೂಪ. ದರಗಳು ಊರಿಂದೂರಿಗೂ ವರುಷದಿಂದ ವರುಷಕ್ಕೂ ಬದಲಾಗುವದರಿಂದ, ಕೆಳಗಿನ ರೂಪಾಯಿಗಳನ್ನು ಲೆಕ್ಕದ ಮಾದರಿಯೆಂದು ಮಾತ್ರ ಎಣಿಸಿ, ನಿಮ್ಮ ಪೇಟೆಯ ದರವನ್ನು ಆ ಸ್ಥಾನದಲ್ಲಿ ಬರೆಯಿರಿ. ಎರಡು ಪಕ್ಕಗಳು ಕೂಡಿ 16 ಮೀಟರ್ ದಂಬೆ ಬೇಕಾದ ಮನೆ ಎಂದಿರಲಿ.

ಹೊಸದಾಗಿ ಮಾಡಿಸಿದರೆ:
ತಗಡಿನ ದಂಬೆ, 16 ಮೀಟರ್, ಮೀಟರಿಗೆ 500ರಂತೆ — 8,000
ಕೊಯ್ಯುವಾಗ ಹಾಳಾಗುವ ತಗಡಿಗೆ ಹತ್ತರಲ್ಲೊಂದು ಪಾಲು — 800
ಕೊಕ್ಕೆಗಳು, ಪಕ್ಕಕ್ಕೆ 12ರಂತೆ 24, ಒಂದಕ್ಕೆ 80 — 1,920
ಇಳಿಕೊಳವೆ, 3 ಮೀಟರಿನವು ಎರಡು, ಮೀಟರಿಗೆ 250 — 1,500
ತುದಿಮುಚ್ಚಳ, ಬಾಯಿ, ಮೊಣಕೈ ಮುಂತಾದವು — 1,000
ಕೂಲಿ, ಇಬ್ಬರಿಗೆ ಎರಡು ದಿನ, ದಿನಕ್ಕೆ 1,000 — 4,000
ಸಾಗಣೆ — 600
ಒಟ್ಟು — 17,820
ಎಣಿಸದೆ ಬರುವವುಗಳಿಗೆ ಹತ್ತರಲ್ಲೊಂದು ಪಾಲು — 1,782
ಪೂರಾ ಮೊತ್ತ — 19,602 ರೂಪಾಯಿ.

ದುರಸ್ತಿಮಾಡಿಸಿದರೆ:
ಕೆಟ್ಟ ತುಂಡಿಗೆ ಬದಲು 3 ಮೀಟರ್ — 1,500
ನಾಲ್ಕು ಕೊಕ್ಕೆ — 320
ಕೀಲುಗಳಿಗೆ ಹಚ್ಚುವ ಅಂಟು — 400
ಕೂಲಿ, ಇಬ್ಬರಿಗೆ ಒಂದು ದಿನ — 2,000
ಸಾಗಣೆ — 600
ಪೂರಾ ಮೊತ್ತ — 4,820 ರೂಪಾಯಿ.

ಮೊದಲ ನೋಟಕ್ಕೆ ದುರಸ್ತಿಯು ನಾಲ್ಕು ಪಾಲು ಅಗ್ಗ. ಆದರೆ ಮೊತ್ತವನ್ನು ಬಾಳುವ ವರುಷಗಳಿಂದ ಭಾಗಿಸಿರಿ. ಹೊಸದು 12 ವರುಷ ಬಾಳುವದಾದರೆ ವರುಷಕ್ಕೆ ಸುಮಾರು 1,634 ರೂಪಾಯಿ. ದುರಸ್ತಿಯು 3 ವರುಷ ನಿಲ್ಲುವದಾದರೆ ವರುಷಕ್ಕೆ ಸುಮಾರು 1,607. ಎರಡೂ ಹೆಚ್ಚು ಕಡಿಮೆ ಸಮ. ಅದೇ ದುರಸ್ತಿಯು 5 ವರುಷ ನಿಂತರೆ ವರುಷಕ್ಕೆ 964, ಲಾಭವೇ. ಒಂದೇ ಮಳೆಗಾಲಕ್ಕೆ ಕೆಟ್ಟರೆ ವರುಷಕ್ಕೆ 4,820, ನಷ್ಟವೇ. ಹಾಗಾದರೆ ತೀರ್ಪು ಮಾಡುವದು ಬೆಲೆಯಲ್ಲ, ಉಳಿದ ತಗಡಿನ ಗಟ್ಟಿತನ. ತಿರುಪುಳಿಯಿಂದ ಒತ್ತಿ ನೋಡದೆ ಪೇಟೆಗೆ ಹೋಗುವವನು ಕಣ್ಣು ಕಟ್ಟಿಕೊಂಡು ಕೊಳ್ಳುವವನು.

ಇನ್ನೊಂದನ್ನು ಗಮನಿಸಿರಿ. ದುರಸ್ತಿಯ ಮೊತ್ತದಲ್ಲಿ ಕೂಲಿಯೂ ಸಾಗಣೆಯೂ ಸೇರಿ 2,600, ಅಂದರೆ ಅರ್ಧಕ್ಕಿಂತ ಹೆಚ್ಚು. ತಗಡಿನ ಕೆಲಸದವನು ಒಂದು ಕೀಲಿಗೆ ಬಂದರೂ ಐದು ಕೀಲುಗಳಿಗೆ ಬಂದರೂ ಬರುವ ವೆಚ್ಚ ಒಂದೇ. ಆದದರಿಂದ ಒಂದು ಕೇರಿಯ ನಾಲ್ಕು ಮನೆಗಳವರು ಕೂಡಿ ಒಂದೇ ದಿನ ಅವನನ್ನು ಕರೆಸಿದರೆ ಎಲ್ಲರಿಗೂ ಹಗುರವಾಗುವದು. ಮೇ ತಿಂಗಳ ಕಡೆಯಲ್ಲಿ ಎಲ್ಲರೂ ಅವನನ್ನು ಹುಡುಕುವರು. ಫೆಬ್ರವರಿಯಲ್ಲಿ ಕೇಳಿದವರಿಗೆ ಅವನು ನಿಧಾನವಾಗಿ ಕೆಲಸಮಾಡುವನು. ಇಬ್ಬರ ಹತ್ತಿರವಾದರೂ ದರ ಕೇಳಿ, ತಗಡಿನ ದಪ್ಪ, ಅಳತೆ, ಕೊಕ್ಕೆಗಳ ಸಂಖ್ಯೆ, ಕೂಲಿ, ಇವುಗಳನ್ನು ಬೇರೆ ಬೇರೆಯಾಗಿ ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಹಣವನ್ನೆಲ್ಲಾ ಮುಂಗಡ ಕೊಡಬೇಡಿರಿ. ಕೆಲಸ ಮುಗಿದ ಮೇಲೆ ಎರಡು ಕೊಡ ನೀರನ್ನು ಮೇಲಿನ ತುದಿಯಲ್ಲಿ ಹೊಯ್ದು, ಹರಿಯುವದನ್ನು ನೋಡಿ ಉಳಿದದ್ದನ್ನು ಆ ದಿನವೇ ಕೊಡಿರಿ. ಕೂಲಿಯವನ ಹಣವನ್ನು ಮರುದಿನಕ್ಕೆ ಇಟ್ಟುಕೊಳ್ಳುವದು ಧರ್ಮಶಾಸ್ತ್ರಕ್ಕೆ ವಿರೋಧ.

ಹಣವೇ ಸಾಲದವರು ಏನು ಮಾಡಬೇಕು? ಒಂದೇ ಸಾರಿ ಎಲ್ಲವನ್ನೂ ಮಾಡಿಸಬೇಕಾಗಿಲ್ಲ. ಗಾಳಿಮಳೆ ಬಡಿಯುವ ಪಡುವಣ ಪಕ್ಕವನ್ನೂ ಬಾಗಲಿನ ಮೇಲ್ಗಡೆಯನ್ನೂ ಮೊದಲು ಮಾಡಿಸಿರಿ. ಸೂರು ಗೋಡೆಯಿಂದ ಚೆನ್ನಾಗಿ ಮುಂದೆ ಚಾಚಿರುವ ಮನೆಗೆ ದಂಬೆಯೇ ಬೇಡವಾದೀತು: ನೀರು ಬೀಳುವ ಸಾಲಿನಲ್ಲಿ ಜಲ್ಲಿಯನ್ನು ಹಾಸಿ, ಗೋಡೆಯ ಬುಡದ ನೆಲವನ್ನು ಹೊರಕ್ಕೆ ಇಳಿಜಾರಾಗಿ ಗಟ್ಟಿಮಾಡಿ, ಒಂದು ಚರಂಡಿ ತೆಗೆದರೆ ಸಾಲುವದು. ಇದಕ್ಕೆ ಬೇಕಾದದ್ದು ಹಾರೆ, ಬುಟ್ಟಿ, ಎರಡು ದಿನದ ಬೆವರು. ಸಭೆಯ ಯೌವನಸ್ಥರು ಒಬ್ಬ ವೃದ್ಧರ ಮನೆಗೆ ಇದನ್ನು ಮಾಡಿಕೊಡಬಹುದು.

6. ಜೀವದ ಕಾಪು

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮಾಳಿಗೆಗೆ ಸುತ್ತುಗೋಡೆಯನ್ನು ಕಟ್ಟಬೇಕೆಂಬ ಆಜ್ಞೆಯಿದೆ. ಮೇಲಿನಿಂದ ಬಿದ್ದವನ ರಕ್ತಾಪರಾಧವು ಮನೆಯವರ ಮೇಲೆ ಬರಬಾರದೆಂಬದೇ ಅದರ ಕಾರಣ. ದಂಬೆಯ ಕೆಲಸದಲ್ಲಿಯೂ ಹಾಗೆಯೇ. ಏಣಿಯು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಷ್ಟು ಬುಡದಲ್ಲಿ ದೂರವಿರಲಿ. ಕೆಳಗೆ ಒಬ್ಬನು ಹಿಡಿದಿರಲಿ. ಏಣಿಯನ್ನು ದಂಬೆಗೆ ಒರಗಿಸಬಾರದು. ವಿದ್ಯುತ್ತಿನ ತಂತಿಯು ಹತ್ತಿರವಿದ್ದರೆ ಕಬ್ಬಿಣದ ಏಣಿಯನ್ನೂ ಉದ್ದವಾದ ತಗಡನ್ನೂ ಎತ್ತಲೇಬಾರದು. ಒದ್ದೆ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿರಿ.

ನಿಂತ ನೀರು ಇನ್ನೊಂದು ಅಪಾಯ. 1897ರಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಗಳನ್ನು ಕಂಡ ಮೇಲೆ ಸೊಳ್ಳೆಯೇ ಅದನ್ನು ಹರಡುವದೆಂದು ಸ್ಥಿರವಾಯಿತು. ಡೆಂಗಿಯನ್ನು ಹರಡುವ ಸೊಳ್ಳೆಯು ದಂಬೆಯಲ್ಲಿ ನಿಂತ ಸ್ವಲ್ಪ ನೀರಿನಲ್ಲಿಯೂ ಮೊಟ್ಟೆಯಿಡುವದು. ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಹೊಸ ಸೊಳ್ಳೆ ಹಾರುವದು. ಆದಕಾರಣ ಮಳೆಗಾಲದಲ್ಲಿ ವಾರಕ್ಕೊಮ್ಮೆ ದಂಬೆಯು ಖಾಲಿಯಾಗುತ್ತದೋ ಎಂದು ನೋಡಿರಿ. ದಂಬೆಯ ನೀರನ್ನು ಕುಡಿಯುವದಕ್ಕೆ ಹಿಡಿಯುವವರು ಮೊದಲ ಮಳೆಗಳ ನೀರನ್ನು ಹೊರಗೆ ಬಿಡಬೇಕು, ಸೀಸ ಬೆರೆತ ಬೆಸುಗೆಯನ್ನೂ ಬಣ್ಣವನ್ನೂ ತ್ಯಜಿಸಬೇಕು, ನೀರನ್ನು ಕುದಿಸಬೇಕು.

7. ಪೆಟ್ಟಿಗೆಯೂ ಮುಷ್ಟಿ ಅಕ್ಕಿಯೂ

ಯೋವಾಷ ಅರಸನ ದಿನಗಳಲ್ಲಿ ದೇವಾಲಯದ ದುರಸ್ತಿಗೋಸ್ಕರ ಹಣ ಕೂಡಿಸುವ ಆಜ್ಞೆಯಿತ್ತು. ಆದರೂ ಅವನ ಆಳಿಕೆಯ 23ನೆಯ ವರುಷದ ವರೆಗೆ ಯಾಜಕರು ಆಲಯದ ಬಿರುಕುಗಳನ್ನು ಸರಿಮಾಡಿರಲಿಲ್ಲ. ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ತೂತುಮಾಡಿ ಯಜ್ಞವೇದಿಯ ಬಳಿಯಲ್ಲಿ ಇಟ್ಟನು. ಅದರಲ್ಲಿ ಬಿದ್ದ ಹಣವನ್ನು ಎಣಿಸಿ, ಬೆಳ್ಳಿಯ ಪಾತ್ರೆಗಳಿಗೂ ತುತೂರಿಗಳಿಗೂ ಉಪಯೋಗಿಸದೆ, ಕೆಲಸಮಾಡುವವರ ಕೈಗೆ ಕೊಟ್ಟರು. ಯಾಜಕರಲ್ಲಿ ಭಕ್ತಿಯಿರಲಿಲ್ಲವೆಂದು ಅಲ್ಲಿ ಹೇಳಿಲ್ಲ. ಬಿರುಕನ್ನು ನೋಡಿ ನೋಡಿ ಅದಕ್ಕೆ ಒಗ್ಗಿಹೋಗಿದ್ದರೆಂದು ನಾವು ಎಣಿಸುತ್ತೇವೆ. ಅದು ನಮ್ಮದೇ ಕಥೆ.

ಆ ವಿಧವೆಯ ಗೋಡೆಯನ್ನು ತಿರಿಗಿ ಕಟ್ಟುವದಕ್ಕೆ ಸಭೆಯು ಕೊಟ್ಟದ್ದು ಒಂದು ಕೀಲಿನ ದುರಸ್ತಿಗೆ ಬೇಕಾಗಿದ್ದದ್ದಕ್ಕಿಂತ ಬಹಳ ಪಾಲು ಹೆಚ್ಚು. ಸುಣ್ಣಬಣ್ಣದ ಹಣವೂ ಅದರಲ್ಲಿ ಹೋಯಿತು. ಗೋಡೆ ಬಿದ್ದ ವಾರದಲ್ಲಿ ಸಭೆಯ ಪುಸ್ತಕವನ್ನು ತೆರೆದು ನೋಡಿದಾಗ, ಪ್ರತಿ ತಿಂಗಳೂ ಮುಷ್ಟಿ ಅಕ್ಕಿಯ ಕಾಣಿಕೆ ತಪ್ಪದೆ ಕೊಟ್ಟವರ ಸಾಲಿನಲ್ಲಿ ಆಕೆಯ ಹೆಸರಿತ್ತು. ದಿನಾಲು ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಆಕೆ ಆಲಯಕ್ಕೋಸ್ಕರ ತೆಗೆದಿಡುತ್ತಿದ್ದದ್ದು ಆ ಗೋಡೆಯ ಪಕ್ಕದಲ್ಲಿಯೇ. ಅತ್ತ ಆಕೆ ಆಲಯವನ್ನು ಪೋಷಿಸುತ್ತಿರುವಾಗ ಇತ್ತ ಆಲಯದ ನೀರು ಆಕೆಯ ಗೋಡೆಯನ್ನು ಕರಗಿಸುತ್ತಿತ್ತು. ನಾವು ಕ್ಷಮೆ ಕೇಳಲು ಹೋದಾಗ ಆಕೆ, ಇನ್ನು ಮೇಲೆ ಯಾರಾದರೂ ಬಂದು ಹೇಳಿದರೆ ಆ ದಿನವೇ ಹೋಗಿ ನೋಡಿರಿ ಅಯ್ಯಾ ಎಂದು ಮಾತ್ರ ಹೇಳಿದಳು.

ಆ ಮೇಲೆ ನಮ್ಮ ಸಭೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ದುರಸ್ತಿಗೆಂದು ಬೇರೆ ಪೆಟ್ಟಿಗೆ. ಅದರ ಹಣವನ್ನು ಅಲಂಕಾರಕ್ಕೆ ತೆಗೆಯುವದಿಲ್ಲ. ಫೆಬ್ರವರಿಯಲ್ಲಿ ಇಬ್ಬರು ಹಿರಿಯರು ಆಲಯದ ದಂಬೆಯನ್ನೂ, ಕೇಳಿಕೊಂಡವರ ಮನೆಗಳನ್ನೂ ನೋಡಿ ಬಂದು, ಕಂಡದ್ದನ್ನು ಸಭೆಯ ಮುಂದೆ ಓದುತ್ತಾರೆ. ಕಾಸಿನ ಲೆಕ್ಕವನ್ನೂ ಓದುತ್ತಾರೆ. ಇದು ದೊಡ್ಡ ಸಾಧನೆಯಲ್ಲ, ತಡವಾಗಿ ಮಾಡಿದ ಕರ್ತವ್ಯ.

ಪ್ರಿಯರೇ, ಮಳೆಯನ್ನು ಕಳುಹಿಸುವವನು ದೇವರು. ಅದು ಬಾವಿಗೂ ಗದ್ದೆಗೂ ಆಶೀರ್ವಾದವಾಗಿ ಬರುತ್ತದೆ. ಅದೇ ನೀರು ಬಡವರ ಗೋಡೆಗೆ ಹಾನಿಯಾಗದಂತೆ ದಾರಿ ತೋರಿಸುವ ಕೆಲಸವನ್ನು ಆತನು ನಮ್ಮ ಕೈಗೆ ಬಿಟ್ಟಿದ್ದಾನೆ. ಮೋಡ ಕವಿಯುವ ಮುಂಚೆ ಒಂದು ಸಾಯಂಕಾಲ ಸೂರಿನ ಕೆಳಗೆ ನಡೆದು ಮೇಲಕ್ಕೆ ನೋಡಿರಿ. ಬಳಿಕ ನೆರೆಯವರ ಗೋಡೆಯನ್ನೂ ನೋಡಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯ ಮಾಡಿನ ಒಂದು ಪಕ್ಕದ ಅಳತೆ ಎಷ್ಟು? 50 ಮಿ.ಮೀ. ಮಳೆಗೆ ಅಲ್ಲಿಂದ ಎಷ್ಟು ಲೀಟರ್ ನೀರು ಇಳಿಯುವದು?
2. ಯಾಜಕಕಾಂಡದಲ್ಲಿ ಹೇಳಿದ ಮೂರು ಮೆಟ್ಟಿಲುಗಳು ಯಾವವು? ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ಏನು ನಷ್ಟ?
3. ಅಗ್ಗವಾದ ದುರಸ್ತಿಯು ಯಾವಾಗ ದುಬಾರಿಯಾಗುವದು? ಮೇಲಿನ ಲೆಕ್ಕದಿಂದ ತೋರಿಸಿರಿ.
4. ತಗಡಿನ ದಪ್ಪವನ್ನು ತಕ್ಕಡಿಯಿಂದ ತಿಳಿಯುವದು ಹೇಗೆ?
5. ಯೆಹೋಯಾದನ ಪೆಟ್ಟಿಗೆಯ ಹಣವನ್ನು ಯಾವುದಕ್ಕೆ ಉಪಯೋಗಿಸಲಿಲ್ಲ? ಯಾಕೆ?
6. ನಿಮ್ಮ ಸಭೆಯಲ್ಲಿ ಯಾರಾದರೂ ಬಂದು ಹೇಳಿಯೂ ಯಾರೂ ಹೋಗಿ ನೋಡದ ಗೋಡೆ ಉಂಟೋ?